ಟೀವಿಗೆ ಅಡ್ಡ ಹಿಡಿದ ಮೊರ

ಕೋಲಾರದ ಆ ವಠಾರದ ಮನೆಯನ್ನು ನಾನು ಜಗಳವಾಡಿ ಸಂಪಾದಿಸಿದ್ದು. ಮದುವೆಯಾದ ಹೊಸತರಲ್ಲಿ ಎರಡು ವರ್ಷ ಯಲ್ದೂರಿನ ಅತ್ತೆಮನೆಯಲ್ಲಿದ್ದೆ. ಮನೆ ತುಂಬ ಜನ, ತೋಟದ ತುಂಬ ಮಾವಿನ ಮರ, ಗಂಡ ಹೆಂಡತಿ ಕೂತು ಮಾತಾಡಲು ಮಾತ್ರ ಒಂದು ಮೂಲೆ ಇರಲಿಲ್ಲ. ನನ್ನ ಯಜಮಾನರು ಕೋಲಾರದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಬೆಳಿಗ್ಗೆ ಬಸ್ಸು ಹತ್ತಿದರೆ ಕತ್ತಲಾದ ಮೇಲೆ ಇಳಿಯುತ್ತಿದ್ದರು. ಎಲ್ಲರೆದುರು ನಾವು ಆಡುತ್ತಿದ್ದ ಮಾತು 'ಊಟಕ್ಕೆ ಬನ್ನಿ', 'ನೀರು ತಾ', ಇಷ್ಟೇ. ಅಪ್ಪಿತಪ್ಪಿ ಇಬ್ಬರೂ ಒಂದೇ ಜಗಲಿಯ ಮೇಲೆ ಕೂತರೆ ಮಾವನವರಿಗೆ ಎಲ್ಲಿಂದಲೋ ಕೆಮ್ಮು ಬಂದುಬಿಡುತ್ತಿತ್ತು.

ಕೊನೆಗೆ ನಾನೇ ಬಾಯಿಬಿಟ್ಟು ಬೇರೆ ಮನೆ ಕೇಳಿದೆ. ಒಂದು ತಿಂಗಳು ಮನೆಯಲ್ಲಿ ಯಾರೂ ನನ್ನ ಮುಖ ನೋಡಲಿಲ್ಲ. ಆಮೇಲೆ ಅತ್ತೆಯವರು ಒಪ್ಪಿದರು, ಒಪ್ಪುವಾಗಲೇ ಒಂದು ಗಂಟೂ ಹಾಕಿದರು.

"ಹೋಗಮ್ಮ, ಮಹಾರಾಣಿ ಥರ ಇರು. ಆದ್ರೆ ನಿಮ್ಮ ಬಗ್ಗೆ ಒಂದು ಕೆಟ್ಟ ಮಾತು ನನ್ನ ಕಿವಿಗೆ ಬಿತ್ತೋ, ಅವತ್ತೇ ಪಾತ್ರೆ ಪಡಗ ಕಟ್ಕೊಂಡು ಇಲ್ಲಿಗೇ ವಾಪಸ್ ಬರ್ಬೇಕು."

ಮಾತು ಅವರ ಕಿವಿಗೆ ಬೀಳುವ ಏರ್ಪಾಡನ್ನೂ ಅವರೇ ಮಾಡಿದ್ದರು. ಮನೆ ಹುಡುಕಿಕೊಟ್ಟಿದ್ದು ತಮ್ಮ ದೂರದ ನೆಂಟರ ವಠಾರದಲ್ಲಿ.

ಆ ನೆಂಟರೇ ನಮ್ಮ ಓನರಮ್ಮ. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಒಣಕಲು ಮೈ, ಹದ್ದಿನ ಕಣ್ಣು, ಮನೆಮಾತು ತೆಲುಗು, ಬೈಯುವುದಕ್ಕೆ ಎರಡೂ ಭಾಷೆ. ಅವರ ಕೋಣೆಗೂ ನಮ್ಮ ಹಾಲಿಗೂ ನಡುವೆ ಒಂದೇ ಗೋಡೆ, ಅದೂ ಹೆಂಚಿನವರೆಗೆ ಮುಟ್ಟಿರಲಿಲ್ಲ. ಅವರು ಸಾರಿಗೆ ಒಗ್ಗರಣೆ ಹಾಕಿದರೆ ನಾನು ಸೀನುತ್ತಿದ್ದೆ.

ಆದರೂ ಸ್ವರ್ಗ. ರೇಷ್ಮೆಗೂಡಿಗೆ ಒಳ್ಳೆಯ ರೇಟು ಸಿಕ್ಕ ವರ್ಷ ದೇವರಾಯಸಮುದ್ರದಿಂದ ನಮ್ಮಪ್ಪ ಬಂದು ಒಂದು ಕಲರ್ ಟೀವಿ ಕೊಡಿಸಿದರು. ಅದೇ ಹೊತ್ತಿಗೆ ಯಜಮಾನರಿಗೆ ಪ್ರಮೋಷನ್ ಇಂಟರ್‌ವ್ಯೂನ ಭಯ ಹತ್ತಿಕೊಂಡಿತ್ತು. ಇಂಗ್ಲಿಷ್‌ನಲ್ಲಿ ಕೇಳುತ್ತಾರಂತೆ. ಇಂಗ್ಲಿಷ್ ಸಿನಿಮಾ ನೋಡಿದರೆ ಭಾಷೆ ತಾನಾಗಿ ಬರುತ್ತದೆಂದು ಕಚೇರಿಯಲ್ಲಿ ಯಾರೋ ತಲೆಗೆ ತುಂಬಿದರು. ಸರಿ, ಭಾನುವಾರ ಬಂತೆಂದರೆ ಬಸ್ ಸ್ಟ್ಯಾಂಡ್ ಹತ್ತಿರದ ವೀಡಿಯೊ ಅಂಗಡಿಯಿಂದ ಕ್ಯಾಸೆಟ್ ಓಡಿಸುವ ಒಂದು ವಿಸಿಪಿ, ಒಂದು ಇಂಗ್ಲಿಷ್ ಕ್ಯಾಸೆಟ್ ಬಾಡಿಗೆಗೆ ಪಡೆದು, ಬೆಡ್‌ಶೀಟಿನಲ್ಲಿ ಸುತ್ತಿ, ಸೈಕಲ್ ಕ್ಯಾರಿಯರ್ ಮೇಲೆ ಬಾಣಂತಿಯನ್ನು ಕರೆತಂದಷ್ಟು ಜೋಪಾನವಾಗಿ ತರುತ್ತಿದ್ದರು. ಅಂಗಡಿಯವನ ಪ್ರಕಾರ ಅವನಲ್ಲಿದ್ದದ್ದೆಲ್ಲ ಫ್ಯಾಮಿಲಿ ಪಿಕ್ಚರೇ.

ಮೊದಲ ಭಾನುವಾರವೇ ಆ ಫ್ಯಾಮಿಲಿ ಎಂಥದೆಂದು ಗೊತ್ತಾಯಿತು. ಅರ್ಧ ಗಂಟೆ ಚೆನ್ನಾಗಿ ಕೋಟು ಹಾಕಿಕೊಂಡು ಮಾತಾಡುತ್ತಿದ್ದವರು ಇದ್ದಕ್ಕಿದ್ದಂತೆ ಬಿಚ್ಚಲು ಶುರುಮಾಡಿದರು. ಮನೆಯಲ್ಲಿ ನಾವಿಬ್ಬರೇ. ತಾಳಿ ಕಟ್ಟಿದ ಗಂಡ, ಕಟ್ಟಿಸಿಕೊಂಡ ನಾನು. ಆದರೂ ಯಲ್ದೂರಿನ ಇಡೀ ಸಂಸಾರ ನಮ್ಮ ಬೆನ್ನ ಹಿಂದೆ ಚಾಪೆ ಹಾಸಿಕೊಂಡು ಕೂತಂತಾಯಿತು. ಯಜಮಾನರು ಗಾಬರಿಯಲ್ಲಿ ಫಾರ್ವರ್ಡ್ ಒತ್ತಿದರು. ಆಗ ಪರದೆಯ ಮೇಲಿದ್ದವರು ಅದನ್ನೇ ಇನ್ನೂ ಅವಸರ ಅವಸರವಾಗಿ ಮಾಡಿದರು. ನೋಡಲಾಗಲಿಲ್ಲ.

ಹಾಗಾಗಿ ನಮ್ಮದೇ ಒಂದು ಪದ್ಧತಿ ಮಾಡಿಕೊಂಡೆವು. ಆ ಥರದ ಸೀನು ಬಂತೆಂದರೆ ಮೊದಲು ಸೌಂಡು ಪೂರ್ತಿ ಇಳಿಸುವುದು, ಯಾಕೆಂದರೆ ಆ ಉಸಿರಾಟದ ಸದ್ದು ಗೋಡೆ ಹತ್ತಿ ಆಚೆಗೆ ಹೋದರೆ ಮಾನ ಹೋಗುತ್ತದೆ. ಆಮೇಲೆ ಯಜಮಾನರು ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿ ಕೂರುವುದು. ನಾನು ಟೀವಿಗೆ ಅಡ್ಡಲಾಗಿ ಮೊರ ಹಿಡಿಯುವುದು. ಆದರೆ ಮುಗಿಯಿತೆಂದು ಗೊತ್ತಾಗಬೇಕಲ್ಲ, ಯಾರಾದರೂ ಒಬ್ಬರು ನೋಡಲೇಬೇಕು. ಅವರು ನೋಡುವುದಕ್ಕೆ ನಾನು ಒಪ್ಪಲಿಲ್ಲ. ಆ ಬಿಳಿ ಹುಡುಗಿಯರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು, ಇದರಲ್ಲಿ ಮುಚ್ಚುಮರೆ ಏನಿದೆ. ಅದಕ್ಕೇ ಮೊರದ ಕೆಳಗೆ ನಾಲ್ಕು ಬೆರಳಷ್ಟು ಜಾಗ ಬಿಟ್ಟು ನಾನೇ ಇಣುಕುತ್ತಿದ್ದೆ. ಅಲ್ಲಿ ಕಾಣುತ್ತಿದ್ದದ್ದು ಬರೀ ಕಾಲು. ಕಾಲಿಗೆ ಬೂಟು ಬಂದರೆ ಸೀನು ಮುಗಿಯಿತು ಎಂದು ನನ್ನ ಲೆಕ್ಕ.

ನಮ್ಮ ಮನೆಯಲ್ಲಿ ಮೊರ ಇರಲಿಲ್ಲ. ಪ್ರತಿ ಭಾನುವಾರ ಓನರಮ್ಮನ ಹತ್ತಿರ ಕೇಳಿ ತರುತ್ತಿದ್ದೆ, ಅಕ್ಕಿ ಕೇರಬೇಕು ಎಂದು ಹೇಳಿ. ಸಂಜೆ ವಾಪಸ್ ಕೊಡುವಾಗ ಅವರು ಅದನ್ನು ಅಂಗೈಯಲ್ಲಿ ಸವರಿ ನೋಡುತ್ತಿದ್ದರು. ಒಂದು ಹೊಟ್ಟೂ ಇರುತ್ತಿರಲಿಲ್ಲ.

ನಮಗೆ ಹೊಳೆಯದೇ ಹೋದದ್ದು ಒಂದೇ. ಸಿನಿಮಾದ ಸದ್ದು ನಿಲ್ಲಿಸಿದರೆ ಉಳಿಯುವುದು ನಮ್ಮ ಸದ್ದು.

ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಪರದೆಗೆ ಬೆಳಕು ಬೀಳುತ್ತದೆಂದು ಕಿಟಕಿ ಬಾಗಿಲು ಮುಚ್ಚಿ ಕೂತಿದ್ದೆವು. ಸೀನು ಬಂತು. ಸೌಂಡು ಇಳಿಸಿದೆ, ಮೊರ ಹಿಡಿದೆ, ಅವರು ಕ್ಯಾಲೆಂಡರ್‌ಗೆ ತಿರುಗಿದರು.

"ಬಟ್ಟೆ ಹಾಕ್ಕೊಂಡ್ಲೇನೇ?"

"ಇನ್ನೂ ಇಲ್ಲ. ತಿರುಗ್ಬೇಡಿ."

"ಎಷ್ಟೊತ್ತು ಬೇಕು ಇವಳಿಗೆ?"

"ನನ್ನನ್ನ ಕೇಳಿದ್ರೆ? ಸುಮ್ನೆ ಕೂತ್ಕೊಳ್ರೀ."

"ಕತ್ತು ನೋಯ್ತದೆ ಕಣೇ. ಒಬ್ಳೇ ಇದಾಳಾ?"

"ಇಲ್ಲ, ಈಗ ಅವನೂ ಬಂದ. ಬರಿಗಾಲು. ಇಬ್ರೂ ಹಾಸಿಗೆ ಮೇಲೆ ಹತ್ತಿದ್ರು."

ಅಷ್ಟರಲ್ಲಿ ಬಾಗಿಲು ಕಿತ್ತುಬರುವಂತೆ ಬಡಿತ. ಯಜಮಾನರು ಹಾರಿ ಟೀವಿ, ವಿಸಿಪಿ ಎರಡನ್ನೂ ಆರಿಸಿದರು. ನಾನು ಮೊರ ಕೈಯಲ್ಲಿ ಹಿಡಿದುಕೊಂಡೇ ಚಿಲಕ ತೆಗೆದೆ.

ಓನರಮ್ಮ ಒಳಗೆ ನುಗ್ಗಿದರು. ಮಂಚದ ಕೆಳಗೆ ಬಗ್ಗಿ ನೋಡಿದರು. ಅಡುಗೆಮನೆ, ಬಚ್ಚಲು ನೋಡಿದರು. ಬೀರು ಬಾಗಿಲನ್ನೂ ಎಳೆದು ನೋಡಿ, ಸೊಂಟಕ್ಕೆ ಕೈಕೊಟ್ಟು ನಿಂತರು.

"ಎಲ್ಲಮ್ಮಾ ಆ ಹುಡುಗಿ?"

"ಯಾವ ಹುಡುಗಿ?"

"ಬಟ್ಟೆ ಹಾಕ್ಕೊಳ್ದೇ ಇರೋಳು! ಅವನ್ಯಾವನೋ ಬಂದನಲ್ಲ, ಅವನೆಲ್ಲಿ? ಅಯ್ಯೋ ದೇವುಡಾ, ಪ್ರತಿ ಆದಿವಾರ ಕೇಳಿಸ್ಕೊಂಡಿದೀನಿ. ಮೊದ್ಲು ಟೀವಿ ಆರಿಸ್ತೀರಾ. ಆಮೇಲೆ ನಿನ್ನ ಗಂಡ ಬಟ್ಟೆ ಹಾಕ್ಕೊಂಡ್ಲಾ ಅಂತಾನೆ, ನೀನು ಇನ್ನೂ ಇಲ್ಲ ಅಂತೀಯ. ಥೂ! ನಾನು ಮನೆ ಕೊಟ್ಟಿದ್ದು ಗಂಡ ಹೆಂಡ್ತಿಗೆ. ನಾಳೆ ಬೆಳಿಗ್ಗೆ ಯಲ್ದೂರಿನ ಬಸ್ಸಿಗೆ ನಾನೇ ಹತ್ತಿ ನಿಮ್ಮತ್ತೆಗೆ ಹೇಳ್ಬರ್ತೀನಿ."

ಯಲ್ದೂರಿನ ಜಗಲಿ, ಮಾವನವರ ಕೆಮ್ಮು, 'ನೀರು ತಾ', ಎಲ್ಲ ಕಣ್ಣ ಮುಂದೆ ಬಂತು. ಯಜಮಾನರ ಕಡೆ ನೋಡಿದೆ. ಇಂಗ್ಲಿಷ್ ಹಾಗಿರಲಿ, ಅವರಿಗೆ ಕನ್ನಡವೂ ಮರೆತುಹೋಗಿತ್ತು.

"ಅಮ್ಮ, ಅದು ಟೀವಿಯಲ್ಲಿ ಬಂದ ಹುಡುಗಿ," ಎಂದೆ.

"ಯಾರಿಗೆ ಹೇಳ್ತೀಯ? ಟೀವಿಯಲ್ಲಿ ಬಟ್ಟೆ ಇಲ್ದೆ ತೋರಿಸ್ತಾರಾ? ವಾರ್ತೆ ಓದೋಳು ಎಷ್ಟು ಲಕ್ಷಣವಾಗಿ ಸೀರೆ ಉಟ್ಕೊಂಡು ಬರ್ತಾಳೆ, ನಾನು ನೋಡಿಲ್ವಾ?"

ಬೇರೆ ದಾರಿ ಇರಲಿಲ್ಲ. ಯಾವುದನ್ನು ನೋಡಬಾರದೆಂದು ಇಷ್ಟು ದಿನ ಕತ್ತು ನೋಯಿಸಿಕೊಂಡೆವೋ ಅದನ್ನೇ ಹುಡುಕಿ ತೆಗೆದು ಓನರಮ್ಮನಿಗೆ ತೋರಿಸಬೇಕಾಯಿತು. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಮೊರ ಒಯ್ಯುತ್ತಿದ್ದದ್ದು ಯಾತಕ್ಕೆಂದೂ ಒಪ್ಪಿಕೊಂಡೆ. ಯಜಮಾನರು ಅವಸರದಲ್ಲಿ ಕ್ಯಾಸೆಟ್ಟನ್ನು ಬೇಕಾದ್ದಕ್ಕಿಂತ ಹೆಚ್ಚೇ ರಿವೈಂಡ್ ಮಾಡಿದರು. ಆದರೆ ಸೀನು ಎಲ್ಲಿದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು, ಅವರು ನೋಡಿದ್ದು ಕ್ಯಾಲೆಂಡರ್. ಗೊತ್ತಿದ್ದದ್ದು ನನಗೆ, ನನಗೂ ಬರೀ ಕಾಲಿನ ಪರಿಚಯ. ಒಬ್ಬಳು ಮೆಟ್ಟಿಲು ಹತ್ತಿದಳು. "ಇವಳಲ್ಲ," ಎಂದೆ. ಇನ್ನೊಬ್ಬಳು ಬಂದಳು. ಅವಳ ಕಾಲೂ ಅಲ್ಲ. ಓನರಮ್ಮನ ಮುಖದಲ್ಲಿ ಅನುಮಾನ ಗಟ್ಟಿಯಾಗುತ್ತಾ ಹೋಯಿತು. ಕೊನೆಗೆ ಕೆಂಪು ಉಗುರುಬಣ್ಣದ ಎರಡು ಪಾದ ಕಂಡವು.

"ಇದೇ ಕಾಲು! ಇದೇ ಕಣ್ರೀ, ನಿಲ್ಸಿ!" ಎಂದು ಕಿರುಚಿದೆ. ಒಂದು ಬೆತ್ತಲೆ ಸೀನು ಸಿಕ್ಕಿತೆಂದು ಅಷ್ಟು ಸಂತೋಷಪಟ್ಟ ಸಂಸಾರಸ್ಥೆ ಇಡೀ ಕೋಲಾರದಲ್ಲಿ ಇನ್ನೊಬ್ಬಳು ಇರಲಾರಳು.

ಮೂವರೂ ಕೂತು ನೋಡಿದೆವು. ನೋಡಿದರೆ ಅಲ್ಲಿ ಇದ್ದದ್ದಾದರೂ ಏನು? ಒಂದು ಬೆನ್ನು. ಒಂದು ಭುಜ. ಆಮೇಲೆ ಒಂದು ಬಿಳಿ ದುಪ್ಪಟಿ ಎಲ್ಲವನ್ನೂ ಮುಚ್ಚಿಕೊಂಡಿತು. ಓನರಮ್ಮ ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು.

"ಅವನು ಅವಳ ಗಂಡನಾ?"

"ಹೌದಮ್ಮ," ಎಂದರು ಯಜಮಾನರು. ಆ ಹೊತ್ತಿಗೆ ಅರ್ಥವಾಗಿದ್ದ ಅಷ್ಟಿಷ್ಟು ಇಂಗ್ಲಿಷ್‌ನಲ್ಲೇ ಅವರಿಗೆ ಅವನು ಅವಳ ಗಂಡನಲ್ಲವೆಂದು ಗೊತ್ತಾಗಿತ್ತು.

"ಮತ್ತೆ ತಪ್ಪೇನಿದೆ?" ಎಂದರು ಓನರಮ್ಮ. "ಇದಕ್ಕೆ ನನ್ನ ಮೊರ ಯಾಕೆ ಬೇಕಾಯ್ತು?"

ಅವರು ಎದ್ದು ಹೋಗಲಿಲ್ಲ. ದುಪ್ಪಟಿಯ ಕಡೆ ನೋಡುತ್ತಲೇ ಹೇಳಿದರು:

"ನಮ್ಮ ಕಾಲದಲ್ಲಿ ಟೆಂಟ್ ಸಿನಿಮಾ ಬರ್ತಿತ್ತು. ನಮ್ಮ ಯಜಮಾನ್ರು ಮೊದ್ಲನೇ ಆಟಕ್ಕೆ ಹೋಗೋರು. ಅವರು ಬಂದ್ಮೇಲೆ ನಾನು ಹೆಂಗಸರ ಜೊತೆ ಎರಡನೇ ಆಟಕ್ಕೆ. ಒಂದೇ ಪಿಕ್ಚರ್ರೇ, ಆದ್ರೆ ಪಕ್ಕದಲ್ಲಿ ಕೂತು ಒಂದಾದ್ರೂ ನೋಡ್ಲಿಲ್ಲಮ್ಮ. ಹಂಗೇ ಹೋಗ್ಬಿಟ್ರು."

ಅಷ್ಟು ಹೇಳಿ, ಮೊರ ಎತ್ತಿಕೊಂಡು ಹೊರಟರು. ಹೊಸ್ತಿಲ ಹತ್ತಿರ ತಿರುಗಿ, "ಯಲ್ದೂರಿಗೆ ಹೋಗಲ್ಲ ಬಿಡು," ಎಂದರು. ಆ ಮುದುಕಿಯ ಮೇಲೆ ಅಂದು ಹುಟ್ಟಿದ ಪ್ರೀತಿ ಈಗಲೂ ನನಗೆ ಕಡಿಮೆಯಾಗಿಲ್ಲ.

ಮುಂದಿನ ಭಾನುವಾರ ಮೊರ ಕೇಳಲು ಮುಖವಿರಲಿಲ್ಲ. ಕೇಳುವ ಅಗತ್ಯವೂ ಬೀಳಲಿಲ್ಲ. ಯಜಮಾನರು ಕ್ಯಾಸೆಟ್ ಹಾಕುವಷ್ಟರಲ್ಲಿ ಓನರಮ್ಮ ಒಂದು ಮಣೆ ಹಿಡಿದುಕೊಂಡು ಬಂದು, ನಮ್ಮ ಪಕ್ಕದಲ್ಲೇ ಹಾಕಿಕೊಂಡು ಕೂತರು. ಮನೆ ಉಳಿಯಿತು, ಇಬ್ಬರೇ ಇರುವ ಭಾನುವಾರ ಹೋಯಿತು ಎಂದು ನಾನು ಒಳಗೊಳಗೇ ಹಲ್ಲು ಕಡಿದೆ.

ಸೀನು ಬಂದೇ ಬಂತು. ನಾವಿಬ್ಬರೂ ಕಲ್ಲಾದೆವು. ಸೌಂಡು ಇಳಿಸಲು ಕೈಯೇ ಏಳಲಿಲ್ಲ.

"ನೀವಿಬ್ರೂ ಕಣ್ಮುಚ್ಕೊಳ್ಳಿ," ಎಂದರು ಓನರಮ್ಮ. "ನಾನು ಮುದುಕಿ, ನಂಗೇನು? ಮುಗಿದ್ಮೇಲೆ ಹೇಳ್ತೀನಿ."

ಮುಚ್ಚಿಕೊಂಡೆವು. ಕಿಟಕಿ ಮುಚ್ಚಿದ ಕೋಣೆ, ಅದರ ಮೇಲೆ ಕಣ್ಣೂ ಮುಚ್ಚಿತ್ತು. ಸ್ವಲ್ಪ ಹೊತ್ತಿಗೆ ಯಜಮಾನರ ಕೈ ಚಾಪೆಯ ಮೇಲೆ ತಡಕಾಡುತ್ತಾ ಬಂದು ನನ್ನ ಕೈ ಹಿಡಿದುಕೊಂಡಿತು. ಮದುವೆಯಾದಾಗಿನಿಂದ ಇನ್ನೊಬ್ಬರು ಪಕ್ಕದಲ್ಲಿರುವಾಗ ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು. ನಾನು ಬಿಡಿಸಿಕೊಳ್ಳಲಿಲ್ಲ.

"ಬಟ್ಟೆ ಹಾಕ್ಕೊಂಡ್ಲಾ ಅಮ್ಮ?" ಎಂದು ಅವರು ಕೇಳಿದರು.

"ಇನ್ನೂ ಇಲ್ಲಪ್ಪಾ."

ಜೀಪಿನ ಸದ್ದು ಕೇಳಿಸಿತು. ಆಮೇಲೆ ಗುಂಡು ಹಾರಿದ ಸದ್ದು. ಅನುಮಾನ ಬಂದು ಒಂದು ಕಣ್ಣನ್ನು ಕೂದಲೆಳೆಯಷ್ಟು ತೆರೆದೆ. ಪರದೆಯ ಮೇಲೆ ಪೊಲೀಸರು ಬೂಟು ಹಾಕಿಕೊಂಡು ಓಡುತ್ತಿದ್ದರು. ಓನರಮ್ಮ ಅತ್ತ ನೋಡುತ್ತಲೇ ಇರಲಿಲ್ಲ. ಚಾಪೆಯ ಮೇಲಿದ್ದ ನಮ್ಮಿಬ್ಬರ ಕೈ ನೋಡುತ್ತಾ ಕೂತಿದ್ದರು. ನಾನು ಕಣ್ಣು ತೆರೆದದ್ದು ಅವರಿಗೆ ಗೊತ್ತಾಯಿತು.

"ಇನ್ನೂ ಮುಗಿದಿಲ್ಲಮ್ಮಾ, ಮುಚ್ಕೋ," ಎಂದರು.

ನಾನು ಮುಚ್ಚಿಕೊಂಡೆ.