ಐವತ್ತೆಂಟು ಕೆಜಿಯ ಸೀಟು

ಬೆಳಗಿನ ಐದೂಮುಕ್ಕಾಲು. ಶೆಡ್ಡಿನ ಎರಡಾಳೆತ್ತರದ ಬಾಗಿಲುಗಳನ್ನು ಆಕೆ ಒಳಗಿನಿಂದ ಎಳೆದು ಮುಚ್ಚುತ್ತಾರೆ. ಗಾಳಿ ಏಳುವುದರೊಳಗೆ ತೂಕ ಮುಗಿಯಬೇಕು. ರೆಕ್ಕೆಯಡಿ ಚೂರು ಗಾಳಿ ನುಗ್ಗಿದರೂ ವಿಮಾನ ಹಗುರಾಗಿ, ತಕ್ಕಡಿ ಸುಳ್ಳು ಹೇಳುತ್ತದೆ. ಮುಂದಿನ ಎರಡು ಚಕ್ರಗಳಡಿ ಒಂದೊಂದು ತಕ್ಕಡಿ, ಬಾಲವನ್ನು ಎತ್ತಿ ನಿಲ್ಲಿಸಿದ ಸ್ಟ್ಯಾಂಡಿನಡಿ ಮತ್ತೊಂದು.

"ರೆಕ್ಕೆಗೆ ಒರಗ್ಬೇಡಿ ಮೇಷ್ಟ್ರೇ. ನಿಮ್ಮ ತೂಕ ಆಮೇಲೆ ಬೇರೆ ನೋಡೋಣ."

ಮೇಷ್ಟ್ರು ಎಂದರೆ ವಿಮಾನದ ಒಡೆಯರೂ ಪೈಲಟ್ಟೂ ಆದ ನಿವೃತ್ತ ಗಣಿತ ಶಿಕ್ಷಕರು. ಐವತ್ತೇಳರ ಆಕೆ ಈ ಪುಟ್ಟ ಹಾರಾಟ ಕ್ಲಬ್ಬಿನ ಮೆಕ್ಯಾನಿಕ್. ವಯಸ್ಸಿನ ಭೇದವಿಲ್ಲದೆ ಎಲ್ಲರಿಗೂ 'ಸ್ಪ್ಯಾನರಕ್ಕ'.

ಇಪ್ಪತ್ತಾರನೇ ವಯಸ್ಸಿನಲ್ಲಿ ಇಲ್ಲಿಗೆ ಬಂದಾಗ ಆಕೆಗೆ ಬೇಕಿದ್ದದ್ದು ಪೈಲಟ್ ಸೀಟು. ಬಲಗಣ್ಣು ಮಂಕು ಎಂದು ವೈದ್ಯರು ಷರಾ ಬರೆದರು. ಸ್ಟೋರಿನ ಗುಮಾಸ್ತೆಯಾಗಿ ಉಳಿದರು, ಬೋಲ್ಟುಗಳ ನಂಬರು ಬಾಯಿಪಾಠವಾಯಿತು, ಎರಡು ಸಲ ಫೇಲಾಗಿ ಮೂರನೆಯ ಸಲ ಮೆಕ್ಯಾನಿಕ್ ಲೈಸೆನ್ಸ್ ಪಡೆದರು. ಎಪ್ಪತ್ತೆರಡು ವರ್ಷದ ಈ ಎರಡು ಸೀಟಿನ ವಿಮಾನದ ಒಂದೊಂದು ಮೊಳೆಯೂ ಆಕೆಗೆ ಗೊತ್ತು. ಆದರೆ ಅದರಲ್ಲಿ ಒಮ್ಮೆಯೂ ಹಾರಿಲ್ಲ.

"ದೊಡ್ಡ ವಿಮಾನದಲ್ಲಿ ಒಂದ್ಸಲ ಹೋಗಿದ್ದೆ. ನಡುವಿನ ಸೀಟು. ಅದು ಬಸ್ಸು ಬಿಡಿ" ಎನ್ನುತ್ತಾರೆ. ಜೊತೆಗಿರುವ ತಂಗಿ ದಿನಾ ಸಂಜೆ ಬಾಗಿಲಲ್ಲೇ ಕೆಣಕುತ್ತಾಳೆ: "ಊರಿಗೆಲ್ಲ ಅಡುಗೆ ಮಾಡಿ ತಾನು ಉಪವಾಸ ಇರೋಳು ನೀನೊಬ್ಳೇ ಕಣೆ."

ಅಡ್ಡಿಯಾಗಿದ್ದದ್ದು ಹಳೆಯ ಇಂಜಿನ್. ಗಿಡ್ಡ ರನ್‌ವೇ, ಅದರ ಕೊನೆಗೆ ವಿದ್ಯುತ್ ತಂತಿಗಳ ಸಾಲು. ಇಬ್ಬರನ್ನು ಹೊತ್ತು ತಂತಿ ದಾಟುವ ಕಸುವು ಅರವತ್ತೈದು ಕುದುರೆಶಕ್ತಿಗೆ ಇರಲಿಲ್ಲ. "ಇಂಜಿನ್ ಬದಲಾಯ್ಸೋಣ ಅಕ್ಕಾ, ಮೊದಲ ಸವಾರಿ ನಿಮ್ದೇ" ಎಂದು ಮೇಷ್ಟ್ರು ಮಾತು ಕೊಟ್ಟರು. ನೂರು ಕುದುರೆಶಕ್ತಿಯ ಇಂಜಿನ್ ಕೂರಿಸಲು ಆಕೆಗೆ ಐದು ವಾರ ಹಿಡಿಯಿತು. ಅದಕ್ಕೆ ಮುಂಚೆ ಅನುಮತಿಗೇ ಹದಿನಾಲ್ಕು ತಿಂಗಳು ಹೋಗಿತ್ತು. ಅರ್ಜಿ ಮೂರು ಸಲ ವಾಪಸ್ಸು ಬಂತು, ಒಮ್ಮೆಯಂತೂ ಒಂದೇ ಒಂದು ಬೋಲ್ಟಿನ ನಂಬರಿನಲ್ಲಿ ಒಂದಂಕಿ ತಪ್ಪಿದ್ದಕ್ಕೆ. ಆಕೆ ಗೊಣಗಲಿಲ್ಲ. "ತಪ್ಪು ನಂದೇ ಆಗಿತ್ತು."

ಈಗ ಆಕೆ ಮೂರು ತಕ್ಕಡಿಗಳ ಅಂಕಿ ಕೂಡಿ, ಸ್ಟ್ಯಾಂಡಿನ ತೂಕ ಕಳೆಯುತ್ತಾರೆ. ಖಾಲಿ ವಿಮಾನ ಮುನ್ನೂರ ಎಪ್ಪತ್ತೇಳು ಕೆಜಿ. ಹೊಸ ಇಂಜಿನ್, ಸ್ಟಾರ್ಟರ್, ಬ್ಯಾಟರಿ ಸೇರಿ ಹದಿನೇಳು ಕೆಜಿ ಏರಿದೆ. ಹಾರಲು ಅನುಮತಿಯಿರುವ ಒಟ್ಟು ತೂಕ ಮಾತ್ರ ಐನೂರ ಐವತ್ತರಲ್ಲೇ ನಿಂತಿದೆ. ಶಕ್ತಿ ಹೆಚ್ಚಿದರೇನು, ಅದನ್ನು ತಾಳಬೇಕಾದ ರೆಕ್ಕೆ ಹಳೆಯದೇ. ಮೇಷ್ಟ್ರ ಎಂಬತ್ತೆರಡು, ಇಂಧನ ಮತ್ತು ಎಣ್ಣೆಯ ಮೂವತ್ತಮೂರು ಕಳೆದರೆ ಪಕ್ಕದ ಸೀಟಿಗೆ ಉಳಿಯುವುದು ಐವತ್ತೆಂಟು. ಆಕೆಯ ತೂಕ ಅರವತ್ತಾರು. ಹಳೆಯ ಇಂಜಿನ್ ಇದ್ದಾಗ ಲೆಕ್ಕ ಆಕೆಗೆ ಜಾಗ ಕೊಡುತ್ತಿತ್ತು, ಇಂಜಿನ್ ಕೊಡುತ್ತಿರಲಿಲ್ಲ. ಇಂದು ಇಂಜಿನ್ ಕೊಡುತ್ತದೆ, ಲೆಕ್ಕ ಕೊಡುವುದಿಲ್ಲ.

ಮೇಷ್ಟ್ರು ಹಾಳೆ ಇಣುಕಿ ನೋಡಿ ದನಿ ತಗ್ಗಿಸುತ್ತಾರೆ. "ಎಂಟು ಕೆಜಿ ತಾನೇ ಅಕ್ಕಾ. ಚಕ್ರಕ್ಕೆ ಕೆಸರು ಮೆತ್ತಿತ್ತು ಅಂದ್ಕೊಂಡು ಕಮ್ಮಿ ಬರ್ದ್ಬಿಡಿ. ಯಾರು ನೋಡ್ತಾರೆ?"

"ನಾನು ನೋಡಿದ್ನಲ್ಲ ಮೇಷ್ಟ್ರೇ."

ಪೆನ್ನು ಹಾಳೆಯ ಮೇಲೆ ಒಂದು ಕ್ಷಣ ನಿಲ್ಲುತ್ತದೆ. ಆಮೇಲೆ ಮುನ್ನೂರ ಎಪ್ಪತ್ತೇಳು ಎಂದು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು, ಕೆಳಗೆ ಸಹಿ ಹಾಕುತ್ತಾರೆ.

"ಹಾಗಾದ್ರೆ ನಾಲ್ಕು ನಾನಿಳಿಸ್ತೀನಿ, ನಾಲ್ಕು ನೀವಿಳಿಸಿ" ಎನ್ನುತ್ತಾರೆ ಮೇಷ್ಟ್ರು.

"ನೀವಾ? ನಿಮ್ಮ ಕಾಫಿಗೆ ಬೀಳೋ ಸಕ್ಕರೆ ನನಗೊತ್ತು. ಎಂಟೂ ನಾನೇ ಇಳಿಸ್ಬೇಕು."

ನಿಯಮದಂತೆ ಪರೀಕ್ಷಾ ಹಾರಾಟಕ್ಕೆ ಪೈಲಟ್ ಒಬ್ಬರೇ. ಏಳೂವರೆಗೆ ಮೇಷ್ಟ್ರು ಹೊರಡುತ್ತಾರೆ. ಆಕೆ ರನ್‌ವೇ ಅಂಚಿನಲ್ಲಿ ಕಣ್ಣು ಮುಚ್ಚಿ ನಿಂತು ಇಂಜಿನ್ನಿನ ಸದ್ದಿಗೆ ಕಿವಿಗೊಡುತ್ತಾರೆ. ಅರ್ಧ ರನ್‌ವೇಗೇ ಚಕ್ರಗಳ ಗಡಗಡ ನಿಲ್ಲುತ್ತದೆ. ಕಣ್ಣು ತೆರೆದಾಗ ವಿಮಾನ ತಂತಿಗಳಿಂದ ಎಷ್ಟೋ ಮೇಲಿದೆ. ಅದು ಚುಕ್ಕೆಯಾಗುವ ತನಕ ಆಕೆ ಅಲುಗುವುದಿಲ್ಲ.

ಬೇಸರವಿಲ್ಲವೇ ಎಂದು ಕೇಳಿದರೆ ಚಿಂದಿ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾರೆ.

"ಇಲ್ದೆ ಏನು. ಮೇಲಿಂದ ಈ ಶೆಡ್ಡಿನ ತಗಡು ಒಂದ್ಸಲ ನೋಡ್ಬೇಕು, ಅಷ್ಟೇ. ಮೂವತ್ತೊಂದು ವರ್ಷದಿಂದ ಸೋರ್ತಿದೆ. ತೂತು ಎಲ್ಲಿದೆ ಅಂತ ಕೆಳಗೆ ನಿಂತು ಗೊತ್ತೇ ಆಗಿಲ್ಲ."