‘ಬಂದೆ’ ಅಂದರೆ ಎಷ್ಟು ನಿಮಿಷ?

ಕಳಸದಲ್ಲಿ ಗಿರಿಜಾಂಬಾ ಅವರ ಕತ್ತಿ-ಗುದ್ದಲಿ ಅಂಗಡಿಯ ಪಕ್ಕದಲ್ಲೇ ನನ್ನ ಜೆರಾಕ್ಸ್ ಅಂಗಡಿ. ಹದಿನಾಲ್ಕು ವರ್ಷಗಳಿಂದ ನಮ್ಮ ನಡುವೆ ಇರುವುದು ಒಂದೇ ಗೋಡೆ, ಅದೂ ತೆಳು. ಹಾಗಾಗಿ ಅವರ ಬಗ್ಗೆ ಬರೆಯುವ ಅಧಿಕಾರ ಊರಲ್ಲಿ ಯಾರಿಗಾದರೂ ಇದ್ದರೆ ಅದು ನನಗೆ. ಸಿಟ್ಟು ಮಾಡಿಕೊಳ್ಳುವ ಅಧಿಕಾರವೂ ನನಗೇ.

ಅವರಿಗೆ ಐವತ್ತೆಂಟು. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ಒಬ್ಬರೇ ನಡೆಸಿದವರು. ಮಾತಿಗೆ ನಿಂತರೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳೇ ಸೋತು, ಹೇಳಿದ ರೇಟಿಗೆ ಕತ್ತಿ ತೆಗೆದುಕೊಂಡು ಹೋಗುತ್ತಾರೆ. ದೋಷ ಅಂತ ಇದ್ದರೆ ಒಂದೇ, ‘ಬಂದೆ’ ಎನ್ನುವ ಮಾತು. ಬರುವ ಮೊದಲೇ ‘ಬಂದೆ’ ಅನ್ನುವುದು ನಮ್ಮೆಲ್ಲರ ಅಭ್ಯಾಸ, ನಿಜ. ಆದರೆ ನಾವು ಹಾಗನ್ನುವಾಗ ಕಾಲಿಗೆ ಚಪ್ಪಲಿಯಾದರೂ ಹಾಕಿರುತ್ತೇವೆ. ಅವರ ‘ಬಂದೆ’ ಕೇಳಿಬರುವುದು ಬಚ್ಚಲುಮನೆಯಿಂದ.

ತಿಂಗಳಿಗೆ ಎರಡು ಸಲ ಅವರು ಸಾಮಾನು ತರಲು ಚಿಕ್ಕಮಗಳೂರಿಗೆ ಹೋಗುತ್ತಾರೆ. ಬೆಳಗಿನ ಬಸ್ಸು ಅವರ ಮನೆಯ ಮುಂದೆಯೇ ಹಾದುಹೋಗುತ್ತದೆ. ಆರೂಕಾಲಕ್ಕೆ ಕಂಡಕ್ಟರ್ ದೇವರಾಜ ಫೋನು ಮಾಡಿ ಬಸ್ಸು ಬಂತು ಎನ್ನುತ್ತಾನೆ. ಇವರು ‘ಬಂದೆ’ ಎನ್ನುತ್ತಾರೆ. ಆಮೇಲೆ ಸ್ನಾನ, ವಿಭೂತಿ, ಒಂದು ಲೋಟ ಕಾಫಿ. ಆರೂವರೆಗೆ ಹೊರಗೆ ಬಂದರೆ ಬಸ್ಸು ನಿಂತಿರುತ್ತದೆ. ತನಗಾಗಿ ಬಸ್ಸು ಹದಿನೈದು ನಿಮಿಷ ಕಾಯುತ್ತದೆ, ಪೇಟೆಯವರಿಗೆ ಇಂಥ ಭಾಗ್ಯ ಎಲ್ಲಿದೆ ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಾರೆ.

ನನ್ನ ತಕರಾರು ಅಲ್ಲೇ ಶುರುವಾದದ್ದು. ಚಿಕ್ಕಮಗಳೂರಿನಿಂದ ಬೆಳಗ್ಗೆ ಹತ್ತೂಕಾಲಕ್ಕೆ ಕಡೂರಿನ ಕಡೆಗೆ ಒಂದು ಪ್ಯಾಸೆಂಜರ್ ರೈಲು ಇತ್ತು. ನಮ್ಮ ಬಸ್ಸಿನಲ್ಲಿ ಹೋದವರು ಸ್ಟೇಷನ್ ಮುಟ್ಟುವ ಹೊತ್ತಿಗೆ ಹತ್ತು ಇಪ್ಪತ್ತು. ರಾಜ್ಯದ ತುಂಬ ರೈಲು ಓಡಿಸಿದರೆ ಹಳ್ಳಿಗೂ ಲಾಭವೋ ಬರೀ ಪೇಟೆಗೋ ಎಂದು ಹೋಟೆಲಿನಲ್ಲಿ ಚರ್ಚೆ ನಡೆದಾಗಲೆಲ್ಲ ನಾನು ಹೇಳುತ್ತಿದ್ದುದು ಇಷ್ಟೇ: ಆ ಐದು ನಿಮಿಷ ಉಳಿಸಿದರೆ ನಮಗೂ ಲಾಭ. ಕೊನೆಗೆ ಬಸ್ಸಿನ ಮಾಲೀಕರಿಗೆ ಒಂದು ಅರ್ಜಿ ಬರೆದೆ. ಬಸ್ಸು ಯಾರ ಮನೆ ಮುಂದೆಯೂ, ಯಾವ ಎಸ್ಟೇಟ್ ಗೇಟಿನಲ್ಲೂ ಕಾಯಬಾರದು ಎಂದು. ನಲವತ್ತು ಜನರನ್ನು ಸೇರಿಸಿ ಓದಿದೆ. ಗಿರಿಜಾಂಬಾ ಎದ್ದು ನಿಂತರು.

“ರೈಲಿರೋದು ಚಿಕ್ಕಮಗಳೂರಲ್ಲಿ, ನಾವಿರೋದು ಕಳಸದಲ್ಲಿ. ಪೇಟೆಯವ್ರ ರೈಲಿಗೆ ಹೆದ್ರಿ ನಮ್ಮ ಬಸ್ ಯಾಕೆ ಓಡ್ಬೇಕು?”

ಎಲ್ಲರೂ ಚಪ್ಪಾಳೆ ತಟ್ಟಿದರು. ಅರ್ಜಿಗೆ ಬಿದ್ದ ಸಹಿ ಒಂದೇ, ನನ್ನದು. ಮೂರು ದಿನ ನಾನು ಅವರ ಜೊತೆ ಮಾತು ಬಿಟ್ಟಿದ್ದೆ. ಅವರಿಗೆ ಅದು ಗೊತ್ತೇ ಆಗಲಿಲ್ಲ.

ಮೂರು ವಾರದ ಮೇಲೆ ಕಡೂರಿನಿಂದ ಅವರ ತಮ್ಮ ವಿಶ್ವನಾಥ್ ಫೋನು ಮಾಡಿದ. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಹುಟ್ಟಿದ ಮಗು, ಸೋಮವಾರ ಹನ್ನೊಂದೂವರೆಗೆ ನಾಮಕರಣ. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಹೇಳುವಾಗ ಸುತ್ತ ಕೂತವರು ಅವಳ ಬೆನ್ನಿಗೆ ಗುದ್ದಬೇಕು, ಅದೂ ಶಾಸ್ತ್ರವೇ. ವಿಶ್ವನಾಥನಿಗೆ ಇರುವುದು ಇವರೊಬ್ಬರೇ ಅಕ್ಕ. ತಪ್ಪಿದರೆ ದೂರದ ಯಾವಳೋ ಅತ್ತೆ ಆ ಜಾಗದಲ್ಲಿ ಕೂರುತ್ತಾಳೆ. ಆ ವಾರವಿಡೀ ಗೋಡೆಯ ಆಚೆಯಿಂದ “ಧನ್ಯಾ, ಧನ್ಯಾ” ಎಂದು ಇವರು ಹೆಸರನ್ನು ಪಿಸುಗುಟ್ಟಿ ಅಭ್ಯಾಸ ಮಾಡುವುದು ನನಗೆ ಕೇಳುತ್ತಿತ್ತು. ನನ್ನ ಸಿಟ್ಟು ಅಲ್ಲಿಗೇ ಅರ್ಧ ಇಳಿಯಿತು.

ಭಾನುವಾರ ಅಂಗಡಿಗೆ ಸಾಮಾನಿನ ಲೋಡು ಬರುವುದಿತ್ತು, ಹಾಗಾಗಿ ಮೊದಲೇ ಹೋಗುವಂತಿರಲಿಲ್ಲ. ಹನ್ನೊಂದೂವರೆಗೆ ತಲುಪಿಸಬಲ್ಲದ್ದು ಆ ರೈಲು ಮಾತ್ರ, ಅದೂ ಬಸ್ಸು ಎಲ್ಲೂ ಹೆಚ್ಚು ಕಾಯದಿದ್ದರೆ. ಅವರು ಬಂದು ‘ನಿನ್ನ ರೈಲು’ ಎಷ್ಟೊತ್ತಿಗೆ ಎಂದು ಕೇಳಿದರು. ರೈಲಿನ ಪರ ವಾದಿಸಿದ ತಪ್ಪಿಗೆ ಬ್ಯಾಗು ಹೊರುವ ಕೆಲಸವೂ ನನಗೇ ಬಿತ್ತು.

ಸೋಮವಾರ ಆರೂಕಾಲಕ್ಕೆ ದೇವರಾಜನ ಫೋನು ಬಂತು. ಇವರು ‘ಬಂದೆ’ ಎಂದರು. ಆರೂವರೆಗೆ ಬಸ್ಸು ಬಂದು ನಿಂತರೂ ಇವರಿಲ್ಲ. ಗುದ್ದು ತಿನ್ನಲು ತೆಳು ರವಿಕೆ ಆಗದು ಎಂದು ನೆನಪಾಗಿ, ಒಳಗೆ ಹೋಗಿ ದಪ್ಪದ್ದು ಹಾಕಿಕೊಂಡು ಬರುವಾಗ ಮತ್ತೆ ಆರು ನಿಮಿಷ. ಬಾಳೂರಿನ ಹತ್ತಿರ ಒಬ್ಬ ರೈಟರ್, ಹೊಟ್ಟು ತೆಗೆಸಲು ಕ್ಯೂರಿಂಗ್ ಮಿಲ್ಲಿಗೆ ಕಳಿಸುವ ಪಾರ್ಚ್‌ಮೆಂಟ್ ಕಾಫಿಬೀಜದ ಸ್ಯಾಂಪಲ್ ಪೊಟ್ಟಣ ಹಿಡಿದು ಗೇಟಿನಲ್ಲಿ ಕೈ ಅಡ್ಡ ಹಾಕಿದ. ಬಸ್ಸು ನಿಂತ ಮೇಲೆ ಪೊಟ್ಟಣಕ್ಕೆ ಹೆಸರು ಬರೆದಿಲ್ಲ ಎಂದು ನೆನಪಾಗಿ ಪೆನ್ನು ಹುಡುಕಿದ. ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸಿದ ಡ್ರೈವರು ಎರಡನೇ ಪ್ಲೇಟು ಹೇಳಿದ. ಯಾವಾಗಲೂ ಅವನ ಎದುರು ಕೂತು ಎರಡು ಪ್ಲೇಟು ತಿನ್ನುವ ಗಿರಿಜಾಂಬಾ ಅವತ್ತು ಬಸ್ಸಿನಿಂದ ಇಳಿಯಲಿಲ್ಲ. ಈ ಬಸ್ಸಿನವರು ಎಲ್ಲರಿಗೂ ಹೀಗೆ ಯಾಕೆ ಕಾಯುತ್ತಾರೆ ಎಂದು ನನ್ನನ್ನೇ ಕೇಳಿದರು. ಬಾಯಿ ಮುಚ್ಚಿಕೊಂಡು ಕೂರಲು ನಾನು ಅಷ್ಟು ಕಷ್ಟ ಪಟ್ಟದ್ದು ಅದೇ ಮೊದಲು.

ಆಮೇಲೆ ಡ್ರೈವರು ಜೋರಾಗಿ ಓಡಿಸಿದ; ಚಿಕ್ಕಮಗಳೂರಿನಲ್ಲಿ ಇಳಿದು ಆಟೋ ಹಿಡಿದು ಸ್ಟೇಷನ್ನಿಗೆ ಓಡಿದೆವು. ರೈಲು ಆಗಲೇ ಚಲಿಸುತ್ತಿತ್ತು. ಕೊನೆಯ ಡಬ್ಬಿಯಲ್ಲಿ ಗಾರ್ಡು ಹಸಿರು ಬಾವುಟ ಬೀಸುತ್ತಿದ್ದ.

“ಕರೀತಿದ್ದಾರೆ ಮಾರಾಯ,” ಎಂದವರೇ ಸೀರೆ ಎತ್ತಿ ಹಿಡಿದು “ಬಂದೆ, ಬಂದೆ” ಎಂದು ಪ್ಲಾಟ್‌ಫಾರಂ ಉದ್ದಕ್ಕೂ ಓಡಿದರು. ಗಾರ್ಡು ಮರ್ಯಾದಸ್ಥ, ಮುಖ ಬೇರೆ ಕಡೆ ತಿರುಗಿಸಿಕೊಂಡ. ರೈಲು ಹೋಯಿತು.

ಅವರು ಬೆಂಚಿನ ಮೇಲೆ ಕೂತು ಅತ್ತರು. ರೇಟು ಮಾತಾಡುವ ಆ ಗಟ್ಟಿ ಗಂಟಲು ಹಾಗೆ ಒಡೆದದ್ದನ್ನು ನಾನು ಕೇಳಿರಲಿಲ್ಲ. ಹನ್ನೊಂದು ವರ್ಷ ಹರಕೆ ಹೊತ್ತ ಮಗು, ಈಗ ಬೇರೆ ಯಾರೋ ಹೆಸರು ಹೇಳುತ್ತಾರೆ ಎಂದರು. ನಾನೇ ಗೆದ್ದಿದ್ದೆ, ಆದರೆ ಆ ಗೆಲುವು ನನಗೆ ಬೇಕಿರಲಿಲ್ಲ.

ಬಸ್ಸು ಹಿಡಿದು ಕಡೂರು ತಲುಪುವಾಗ ಹನ್ನೆರಡು ದಾಟಿತ್ತು. ಮನೆಯ ಮುಂದೆ ಚಪ್ಪರಕ್ಕೆ ಇನ್ನೂ ಮಾವಿನ ಸೊಪ್ಪು ಕಟ್ಟುತ್ತಿದ್ದರು. ಅಡಿಗೆಯವರು ಸೌತೆಕಾಯಿ ಹೆಚ್ಚುತ್ತಿದ್ದರು. ಶಾಸ್ತ್ರ ಮಾಡಿಸುವ ಅಯ್ಯನವರು ಬಂದೇ ಇರಲಿಲ್ಲ. ವಿಶ್ವನಾಥ್ ನಗುತ್ತಾ ಬಂದು ಬ್ಯಾಗು ಇಸಿದುಕೊಂಡ.

“ಗಾಬರಿ ಬೇಡ ಅಕ್ಕ. ಮುಹೂರ್ತ ಇರೋದು ಒಂದು ಗಂಟೆಗೆ. ನಿಂಗೆ ಮಾತ್ರ ಹನ್ನೊಂದೂವರೆ ಅಂತ ಹೇಳಿದ್ವಿ.”

ಒಂದು ಗಂಟೆಗೆ ಸರಿಯಾಗಿ ಅವರು ಮಗುವಿನ ಕಿವಿಗೆ ಬಾಯಿಟ್ಟು ಹೆಸರು ಹೇಳಿದರು. ಮನೆಯ ಹೆಂಗಸರೆಲ್ಲ ಸೇರಿ ಬೆನ್ನಿಗೆ ಚೆನ್ನಾಗಿ ಗುದ್ದಿದರು. ಅವರು ನಕ್ಕರು, ಖುಷಿಯಾಗಿದ್ದರು. ಆದರೆ ಊಟದ ಪಂಕ್ತಿಯಲ್ಲಿ ಬಡಿಸಿದ ಹೋಳಿಗೆಯನ್ನು ಹಾಗೇ ಎಲೆಯಲ್ಲಿ ಬಿಟ್ಟರು.

ಮರುದಿನ ವಾಪಸ್ ಹೊರಟಾಗ ಕಡೂರು ಸ್ಟೇಷನ್ನಿಗೆ ನನ್ನನ್ನು ಒಂದು ಗಂಟೆ ಮೊದಲೇ ಎಳೆದುಕೊಂಡು ಹೋದರು. ಚಿಕ್ಕಮಗಳೂರಿನಲ್ಲಿ ರೈಲು ಇಳಿದು ಹತ್ತಿದ್ದು ಅದೇ ಕಳಸದ ಬಸ್ಸು, ಅದೇ ದೇವರಾಜ. ಟಿಕೆಟ್ ಕೊಡಲು ಬಂದವನನ್ನು ಅವರು ಬಿಡಲಿಲ್ಲ.

“ನಮ್ಮನೆ ಮುಂದೆ ಬಸ್ ಬರೋ ನಿಜವಾದ ಟೈಮ್ ಎಷ್ಟು ದೇವರಾಜ?”

“ಆರೂವರೆ ಅಮ್ಮಾ.”

“ಆರೂಕಾಲಕ್ಕೆ ಬಸ್ ಬಂತು ಅಂತ ಫೋನ್ ಮಾಡ್ತಿದ್ದೆಯಲ್ಲ?”

“ಆಗ ನಾನು ಮನೇಲಿ ಹಲ್ಲುಜ್ಜುತ್ತಿರ್ತೀನಿ.”

ಅವರು ನನ್ನ ಕಡೆ ತಿರುಗಿ ನಿನಗೂ ಗೊತ್ತಿತ್ತಾ ಎಂದು ಕೇಳಿದರು. ಊರಿಗೆಲ್ಲ ಗೊತ್ತಿತ್ತು ಎಂದೆ. ಅವರು ಟಿಕೆಟ್ ಮಡಿಸುತ್ತಾ ಮೆಲ್ಲಗೆ ಹೇಳಿದರು.

“ಹಾಗಾದ್ರೆ ಈ ಜಿಲ್ಲೇಲಿ ನಂಗೆ ಸುಳ್ಳು ಹೇಳದೇ ಇದ್ದಿದ್ದು ಆ ರೈಲು ಒಂದೇ.”

ಕಳಸದಲ್ಲಿ ಇಳಿದವರು ತಮ್ಮ ಅಂಗಡಿಯ ಬಾಗಿಲು ತೆರೆಯಲಿಲ್ಲ. ನನ್ನ ಅಂಗಡಿಗೆ ಬಂದು ಅರ್ಜಿ ಕೇಳಿ, ನನ್ನ ಸಹಿಯ ಕೆಳಗೆ ತಮ್ಮದನ್ನು ಹಾಕಿದರು. ಉಳಿದವರೆಲ್ಲರ ಸಹಿ ಹಾಕಿಸಲು ಅವರಿಗೆ ಎರಡು ದಿನ ಸಾಕಾಯಿತು. ಮುಂದಿನ ಸೋಮವಾರದಿಂದ ಬಸ್ಸು ಎಲ್ಲೂ ಕಾಯುವುದಿಲ್ಲ ಎಂದು ಮಾಲೀಕರು ಒಪ್ಪಿದರು.

ಆ ಸೋಮವಾರ ಆರೂಕಾಲಕ್ಕೇ ಗಿರಿಜಾಂಬಾ ಸ್ನಾನ, ವಿಭೂತಿ, ಕಾಫಿ ಎಲ್ಲ ಮುಗಿಸಿ ಇಬ್ಬನಿಯಲ್ಲಿ ರಸ್ತೆ ಬದಿಗೆ ನಿಂತಿದ್ದರು. ಹುಟ್ಟಿದ ಮೇಲೆ ಬಸ್ಸಿಗೆ ಕಾದದ್ದು ಅದೇ ಮೊದಲು. ಆರೂವರೆಯಾಯಿತು. ಆರೂಮುಕ್ಕಾಲಾಯಿತು. ಕಾಯುವುದು ಇಷ್ಟು ಕಷ್ಟ ಎಂದು ಯಾರೂ ಹೇಳಿರಲಿಲ್ಲ ಎಂದು ಜೊತೆಗೆ ನಿಂತಿದ್ದ ನನ್ನ ಮೇಲೆ ರೇಗಿ, ದೇವರಾಜನಿಗೆ ಫೋನು ಮಾಡಿ ಎಲ್ಲಿದ್ದೀಯ ಎಂದು ಕೇಳಿದರು.

ಫೋನಿನಲ್ಲಿ ಮೊದಲು ನಲ್ಲಿ ನೀರಿನ ಸದ್ದು ಕೇಳಿಸಿತು. ಆಮೇಲೆ ದೇವರಾಜನ ದನಿ.

“ಬಂದೆ ಅಮ್ಮಾ.”