ಅಧ್ಯಕ್ಷರನ್ನು ನೀನು ಎನ್ನುವ ಮೇಡಂ

ನಮ್ಮ ಕಂಪನಿಯ ಆಡಳಿತ ಮಂಡಳಿಯಲ್ಲಿ ಹೆಂಗಸೂ ಮೇಡಂ ಒಬ್ಬರೇ, ಹೊರದೇಶದವರೂ ಅವರೊಬ್ಬರೇ. ಒಂದೇ ಕುರ್ಚಿಯಲ್ಲಿ ಎರಡು ಕೊರತೆ ನೀಗಿತೆಂದು ಅಧ್ಯಕ್ಷರು ಬೀಗುತ್ತಿದ್ದರು. ಮೇಡಂ ನಮ್ಮ ಮಾತನ್ನು ಛಲ ಹಿಡಿದು ಕಲಿತಿದ್ದರು, ಬಹುವಚನವೊಂದು ಮಾತ್ರ ತಲೆಗೆ ಹತ್ತಿಲ್ಲವೆಂದು ನಾವೆಲ್ಲ ನಂಬಿದ್ದೆವು. ಟೀ ತರುವವನಿಗೂ ನೀನು, ಅಧ್ಯಕ್ಷರಿಗೂ ನೀನು. "ನೀನು ಮೊದ್ಲು ಬಿಸ್ಕತ್ತು ತಿನ್ನು, ಆಮೇಲೆ ಕೂಗಾಡು," ಎಂದು ತಟ್ಟೆ ಸರಿಸಿದರೆ ಆ ಸಿಡುಕು ಮುದುಕರು ಅಮ್ಮನೇ ಗದರಿದಳೆಂಬಂತೆ ಹಿಗ್ಗಿ ತಿನ್ನುವರು. ಕಾರ್ಖಾನೆಯ ಹೆಣ್ಣುಮಕ್ಕಳು ಕೂಸುಗಳನ್ನು ಬಿಟ್ಟುಬರುವ ಶಿಶುವಿಹಾರವನ್ನು ಮುಚ್ಚುವ ಮಾತು ಬಂದ ದಿನ ಮೇಡಂ ಎದ್ದು ನಿಂತರು. "ಅಧ್ಯಕ್ಷರೇ, ತಾವು ಒಂದು ದಿನವಾದರೂ ಆ ಮಕ್ಕಳ ಮುಖ ನೋಡಿದ್ದೀರಾ?" ಅಧ್ಯಕ್ಷರ ಮುಖ ಸಣ್ಣಗಾಯಿತು. "ಮುಚ್ಚೋದು ಬೇಡ ಬಿಡಿ ತಾಯಿ," ಎಂದರು, "ನನ್ನನ್ನ ಮಾತ್ರ 'ತಾವು' ಅನ್ಬೇಡಿ."